ಆಯಿ, ಅಪ್ಪಯ್ಯ ಜರ್ಮನಿಗೆ ಹೊರಟಿದ್ದಾರೆ. ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೋ, ಫೋನ್ ತಪಾಸಣೆ: ತಯಾರಿ ಹೇಗೆ?

ಸೋಂದೆ ಮಾಣಿ
ತಂಗಿ ಮ್ಯೂನಿಕ್‌ನಲ್ಲಿದ್ದಾಳೆ. ಬಾಣಂತನಕ್ಕೆ ಆಯಿ, ಅಪ್ಪಯ್ಯ ಮೇ ತಿಂಗಳಲ್ಲಿ ಹೊರಡಬೇಕು. ಇಬ್ಬರಿಗೂ ಇದು ಮೊದಲ ವಿದೇಶ ಪ್ರಯಾಣ. ನಾನು ಜೊತೆಗೆ ಹೋಗುತ್ತಿಲ್ಲ, ಅದೇ ತಲೆಬಿಸಿ.
ಯುರೋಪಿನಲ್ಲಿ ಈಗ ಪಾಸ್‌ಪೋರ್ಟಿಗೆ ಸೀಲು ಹೊಡೆಯುವುದು ಬಿಟ್ಟು ಮಶೀನಿಗೆ ಮುಖ ತೋರಿಸುವ ಪದ್ಧತಿ ಬಂದಿದೆಯಂತೆ. ಆಯಿಗೆ ಮಶೀನು ಅಂದರೇ ಗಾಬರಿ. ಮೇಲಿಂದ ಅವಳ ಬೆರಳಚ್ಚು ನಮ್ಮೂರ ರೇಷನ್ ಅಂಗಡಿಯಲ್ಲೇ ಸರಿಯಾಗಿ ಬೀಳುವುದಿಲ್ಲ. ನಲವತ್ತು ವರ್ಷ ಅಡಿಕೆ ಸುಲಿದ ಕೈ. ಇನ್ನು ಅಪ್ಪಯ್ಯನಿಗೆ ಯಾರೋ ಪುಣ್ಯಾತ್ಮರು "ವಿದೇಶದಲ್ಲಿ ಫೋನ್ ಬಿಚ್ಚಿ ನೋಡುತ್ತಾರೆ" ಅಂತ ವಿಡಿಯೋ ಕಳಿಸಿದ್ದಾರೆ. ನಿನ್ನೆ ಸಂಜೆಯಿಂದ ಜಗಲಿಯಲ್ಲಿ ಕೂತು ತಾಳಮದ್ದಳೆ ಆಡಿಯೋ ಒಂದೊಂದಾಗಿ ಅಳಿಸುತ್ತಿದ್ದಾರೆ.
ಹೋಗಿ ಬಂದವರು ಹೇಳಿ, ನಿಜಕ್ಕೂ ಏನು ತಯಾರಿ ಬೇಕು?

ಯಾಣದ ಕಲ್ಲು
ಮೊದಲು ಅಪ್ಪಯ್ಯನ ಕೈಯಿಂದ ಫೋನ್ ಕಸಿದುಕೊಳ್ಳಿ ಮಾರಾಯ್ರೇ. ತಾಳಮದ್ದಳೆ ಅಳಿಸಿದರೆ ಪಾಪ ಬರುತ್ತದೆ.

ಹೊನ್ನಾವರ ಸೈಬರ್
ಫಾರ್ಮು ತುಂಬುವುದೇ ನಮ್ಮ ಕಸುಬು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.
ಯುರೋಪಿನ ಆ ಹೊಸ ವ್ಯವಸ್ಥೆಯ ಹೆಸರು ಎಂಟ್ರಿ ಎಕ್ಸಿಟ್ ಸಿಸ್ಟಂ, ಚಿಕ್ಕದಾಗಿ ಇಇಎಸ್. 2025ರ ಅಕ್ಟೋಬರ್ 12ಕ್ಕೆ ಶುರುವಾಯಿತು. ಹಂತ ಹಂತವಾಗಿ ತಂದು 2026ರ ಏಪ್ರಿಲ್ 10ಕ್ಕೆ ಪೂರ್ತಿ ಜಾರಿ ಅನ್ನುವುದು ಅವರ ಗಡುವು. 29 ದೇಶಗಳಲ್ಲಿ ಇದೆ. ಐರ್ಲೆಂಡ್, ಸೈಪ್ರಸ್ ಇದರಲ್ಲಿ ಇಲ್ಲ.
ನಮ್ಮವರಿಗೆ ಹೇಗೂ ಷೆಂಗೆನ್ ವೀಸಾ, ಅಂದರೆ ಈ ಯುರೋಪ್ ದೇಶಗಳಿಗೆಲ್ಲ ಒಂದೇ ಆದ ವೀಸಾ ಬೇಕು. ವೀಸಾ ಅರ್ಜಿ ಕೊಡುವಾಗಲೇ ಹತ್ತೂ ಬೆರಳಿನ ಅಚ್ಚು ತೆಗೆದುಕೊಳ್ಳುತ್ತಾರೆ. ಅದು ಅವರ ವೀಸಾ ದಾಖಲೆಯಲ್ಲಿ ಇರುತ್ತದೆ. ಹಾಗಾಗಿ ಗಡಿಯಲ್ಲಿ ಹೊಸದಾಗಿ ಬೆರಳಚ್ಚು ದಾಖಲು ಮಾಡಿಕೊಳ್ಳುವುದಿಲ್ಲ. ಮುಖದ ಫೋಟೋ ತೆಗೆಯುತ್ತಾರೆ, ಬೆರಳನ್ನು ಹಳೆಯ ಅಚ್ಚಿನ ಜೊತೆ ತಾಳೆ ನೋಡುತ್ತಾರೆ. ಅಂದರೆ ಆಯಿಯ ಬೆರಳಿನ ಪರೀಕ್ಷೆ ಮ್ಯೂನಿಕ್‌ನಲ್ಲಿ ಅಲ್ಲ, ಬೆಂಗಳೂರಿನ ವೀಸಾ ಸೆಂಟರಿನಲ್ಲೇ ಶುರು.
ಫೋಟೋ, ಬೆರಳು ಕೊಡುವುದಿಲ್ಲ ಅಂದರೆ ಒಳಗೆ ಬಿಡುವುದಿಲ್ಲ. ಅದರಲ್ಲಿ ಚೌಕಾಸಿ ಇಲ್ಲ.

ಅಂಕೋಲಾ ಇಶಾಡು
ಇಟಿಯಾಸ್ ಅಂತ ಇನ್ನೊಂದು ಇದೆಯಲ್ಲ? ಅದಕ್ಕೂ ದುಡ್ಡು ಕಟ್ಟಬೇಕಾ?

ಹೊನ್ನಾವರ ಸೈಬರ್
ಬೇಡ. ಅದು ವೀಸಾ ಇಲ್ಲದೆ ಯುರೋಪಿಗೆ ಹೋಗಬಹುದಾದ ದೇಶದವರಿಗೆ, ಅಮೆರಿಕದವರು, ಬ್ರಿಟನ್ನಿನವರು ಇತ್ಯಾದಿ. ಶುಲ್ಕ 20 ಯೂರೋ ಅಂತ ಗೊತ್ತುಮಾಡಿದ್ದಾರೆ. ಭಾರತದ ಪಾಸ್‌ಪೋರ್ಟಿನವರಿಗೆ ವೀಸಾ ಇರುವಾಗ ಇದು ಸಂಬಂಧವೇ ಇಲ್ಲ. "ನಿಮ್ಮ ಇಟಿಯಾಸ್ ಮಾಡಿಸಿಕೊಡುತ್ತೇವೆ" ಅಂತ ಯಾರಾದರೂ ದುಡ್ಡು ಕೇಳಿದರೆ ಬಾಗಿಲು ತೋರಿಸಿ.

ಸಿದ್ದಾಪುರದ ಅಘನಾಶಿನಿ
ಬೆರಳಿನ ವಿಷಯ ನನಗೆ ಚೆನ್ನಾಗಿ ಗೊತ್ತು. ನಮ್ಮ ಅತ್ತೆಯದೂ ಇದೇ ಕತೆ. ಹಸಿ ಅಡಿಕೆ ಸುಲಿದರೆ ತೊಗರು ಹಿಡಿದು ಬೆರಳ ತುದಿ ಕಪ್ಪಾಗುತ್ತದೆ, ಮೆಟ್ಟುಗತ್ತಿಯ ಮುಂದೆ ದಿನವಿಡೀ ಕೂತವರಿಗೆ ಚರ್ಮವೇ ದೊರಗಾಗಿ ಗೆರೆ ಸವೆದಿರುತ್ತದೆ. ಹೆಬ್ಬೆರಳು, ತೋರುಬೆರಳು ಅಂತೂ ಪೂರ್ತಿ ನುಣುಪು. ವೀಸಾ ಸೆಂಟರಿನಲ್ಲಿ ಹುಡುಗಿ ಮತ್ತೆ ಮತ್ತೆ ಒತ್ತಿಸಿದಳು, ಮಶೀನು ಕೆಂಪು ದೀಪ ತೋರಿಸುತ್ತಲೇ ಇತ್ತು. ಕೊನೆಗೆ ಒದ್ದೆ ಟಿಶ್ಯೂನಲ್ಲಿ ಒರೆಸಿ, ಅವಳೇ ಬೆರಳ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದ ಮೇಲೆ ಬಿತ್ತು.
ಅಪಾಯಿಂಟ್‌ಮೆಂಟಿಗೆ ಎರಡು ವಾರ ಮೊದಲೇ ಆಯಿಯನ್ನು ಸುಲಿಯುವ ಕೆಲಸದಿಂದ ಬಿಡಿಸಿ. ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಲಿ. ಆದರೆ ಆ ದಿನ ಬೆಳಿಗ್ಗೆ ಎಣ್ಣೆ ಬೇಡ, ಗಾಜಿನ ಮೇಲೆ ಜಾರುತ್ತದೆ. ಮದರಂಗಿಯೂ ಬೇಡ. ವಿಮಾನ ಹತ್ತುವ ಮೊದಲಿನ ವಾರವೂ ಇದೇ ಪಥ್ಯ.

ಸೋಂದೆ ಮಾಣಿ
ಅಕ್ಕಾ, ಸುಗ್ಗಿಯಲ್ಲಿ ಆಯಿಯನ್ನು ಮೆಟ್ಟುಗತ್ತಿಯಿಂದ ಎಬ್ಬಿಸುವುದಕ್ಕಿಂತ ವೀಸಾ ಸಿಗುವುದು ಸುಲಭ. ಆದರೂ ಹೇಳಿ ನೋಡುತ್ತೇನೆ.

ಬೈತಖೋಲ್ ಬೋಟು
ಹಡಗಿನ ಕೆಲಸದವನು ನಾನು. ಹಗ್ಗ ಎಳೆಯುವ ಕೈಗೂ ಇದೇ ಗತಿ. ಬೆರಳು ಪೂರ್ತಿ ಬೀಳದಿದ್ದರೆ ಮೇಲೆ ಆಫೀಸರ್ ಇರುತ್ತಾನೆ, ಮುಖ ನೋಡಿ, ಕಾಗದ ನೋಡಿ ಬಿಡುತ್ತಾನೆ. ಬೆರಳು ಸವೆದಿದೆ ಅಂತ ಯಾರನ್ನೂ ವಾಪಸ್ ಕಳಿಸಿದ್ದು ನಾನು ನೋಡಿಲ್ಲ. ಸ್ವಲ್ಪ ಸಮಯ ಜಾಸ್ತಿ ಹಿಡಿಯುತ್ತದೆ ಅಷ್ಟೆ.

ಸದಾಶಿವಗಡ ಮೇಷ್ಟ್ರು
ಫೋನ್ ತಪಾಸಣೆ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಅಲ್ಲಿ ಅದು ನಿಜವೇ. ಆದರೆ ವಾಟ್ಸಾಪಿನಲ್ಲಿ ಹೇಳುವಷ್ಟು ಅಲ್ಲ. ಅವರ ಗಡಿ ಇಲಾಖೆಯವರೇ ಕೊಟ್ಟ ಲೆಕ್ಕ: 2024ರ ಹಣಕಾಸು ವರ್ಷದಲ್ಲಿ 42 ಕೋಟಿಗೂ ಹೆಚ್ಚು ಜನ ಗಡಿ ದಾಟಿದರು, ತಪಾಸಣೆಯಾದ ಫೋನು, ಲ್ಯಾಪ್‌ಟಾಪು 47 ಸಾವಿರ ಚಿಲ್ಲರೆ. ಹತ್ತು ಸಾವಿರಕ್ಕೆ ಒಂದರ ಆಸುಪಾಸು. ಸುಮ್ನೆ ಹೆದರುವುದು ಬೇಡ.

ಸಿದ್ದಾಪುರದ ಅಘನಾಶಿನಿ
ಮೇಷ್ಟ್ರೇ, ಆ ಒಬ್ಬ ನಾವೇ ಆದರೆ? ಸರಾಸರಿ ಹಿಡಿದುಕೊಂಡು ಕೂತರೆ ಆಗುವುದಿಲ್ಲ, ಅಲ್ವಾ. ಆ ಹತ್ತು ಸಾವಿರದಲ್ಲಿ ಎಲ್ಲರನ್ನೂ ಚೀಟಿ ಎತ್ತಿ ಆರಿಸುವುದಿಲ್ಲ. ಯಾವ ವೀಸಾ, ಎಲ್ಲೆಲ್ಲಿ ತಿರುಗಾಡಿದ್ದಾರೆ, ಕೇಳಿದ ಪ್ರಶ್ನೆಗೆ ಏನು ಉತ್ತರ ಕೊಟ್ಟರು ಅನ್ನುವುದರ ಮೇಲೆ ಪಕ್ಕಕ್ಕೆ ಕರೆಯುತ್ತಾರೆ.

ಸದಾಶಿವಗಡ ಮೇಷ್ಟ್ರು
ಮುಚ್ಚಿಡುವಂಥದ್ದು ಏನೂ ಇಲ್ಲದವರಿಗೆ ಎಂತಕ್ಕೆ ಭಯ ತಂಗಿ?

ಸಿದ್ದಾಪುರದ ಅಘನಾಶಿನಿ
ಈ ಮಾತು ಕೇಳಿ ಕೇಳಿ ಸಾಕಾಗಿದೆ. ನನ್ನ ಫೋನಿನಲ್ಲಿ ಇರುವುದು ಬರೀ ನನ್ನದಲ್ಲ. ನಮ್ಮ ಊರಿನ ಮಹಿಳಾ ಸಂಘದ ಲೆಕ್ಕ ನೋಡುವವಳು ನಾನು. ಸಾಲದ ಅರ್ಜಿಗೆ ಅಂತ ಎಲ್ಲರೂ ವಾಟ್ಸಾಪಿನಲ್ಲಿ ಆಧಾರ್, ಪಾಸ್‌ಬುಕ್ ಫೋಟೋ ಕಳಿಸಿರುತ್ತಾರೆ. ಗಿರಿಜಕ್ಕನ ಆಧಾರ್ ಕಾರ್ಡನ್ನು ಶಿಕಾಗೋದ ಅಧಿಕಾರಿಗೆ ತೋರಿಸುವ ಹಕ್ಕು ನನಗೆ ಯಾರು ಕೊಟ್ಟರು? ಆಫೀಸಿನ ಲ್ಯಾಪ್‌ಟಾಪ್ ಆದರೆ ಇನ್ನೂ ಕಷ್ಟ, ಅದರಲ್ಲಿ ಗಿರಾಕಿಗಳ ಮಾಹಿತಿ ಇರುತ್ತದೆ.
ಭಯ ಅಲ್ಲ ಮೇಷ್ಟ್ರೇ, ಪರರ ವಸ್ತು ಒಯ್ಯುವಾಗ ಇರಬೇಕಾದ ಜವಾಬ್ದಾರಿ.

ಸದಾಶಿವಗಡ ಮೇಷ್ಟ್ರು
ಅದು ಒಪ್ಪುವ ಮಾತು. ಆ ಆಧಾರ್ ಫೋಟೋಗಳು ಇಲ್ಲೇ ಇರುವಾಗಲೂ ಫೋನಿನಲ್ಲಿ ಯಾಕೆ ಇರಬೇಕು ಅನ್ನುವುದು ಬೇರೆ ಪ್ರಶ್ನೆ.

ಯಾಣದ ಕಲ್ಲು
ಮೇಷ್ಟ್ರು 1, ಅಘನಾಶಿನಿ 1. ಮ್ಯಾಚ್ ಮುಂದುವರಿಯಲಿ.

ದಾಂಡೇಲಿ ದೋಣಿ
ನನ್ನ ಸಲಹೆ ಸೀದಾ. ಹೊರಡುವ ಹಿಂದಿನ ದಿನ ಫೋನ್ ಪೂರ್ತಿ ರೀಸೆಟ್ ಮಾಡಿ. ಖಾಲಿ ಫೋನ್ ಒಯ್ಯಿರಿ. ಮುಟ್ಟಿದ ಮೇಲೆ ಬ್ಯಾಕಪ್ ಇಳಿಸಿಕೊಳ್ಳಿ. ಏನು ಬೇಕಾದರೂ ನೋಡಿಕೊಳ್ಳಲಿ.

ಬೈತಖೋಲ್ ಬೋಟು
ಇದು ಮಾಡಲೇಬೇಡಿ. ಅರವತ್ತು ದಾಟಿದ ಮನುಷ್ಯ, ಫೋನಿನಲ್ಲಿ ಒಂದು ಫೋಟೋ ಇಲ್ಲ, ಒಂದು ಮೆಸೇಜ್ ಇಲ್ಲ, ಮಗಳ ನಂಬರೂ ಇಲ್ಲ. ಅದೇ ಮೊದಲು ಅನುಮಾನಕ್ಕೆ ಕಾರಣ. ಮ್ಯೂನಿಕ್‌ನಲ್ಲಿ ಇಳಿದು ಬ್ಯಾಕಪ್ ಇಳಿಸಲು ಓಟಿಪಿ ಬೇಕು. ಸಿಮ್ ರೋಮಿಂಗ್ ಹಾಕಿಸಿರುವುದಿಲ್ಲ. ಆಗ ಅಪ್ಪಯ್ಯ ಏನು ಮಾಡಬೇಕು?

ದಾಂಡೇಲಿ ದೋಣಿ
ಹಿರಿಯರಿಗೆ ಅಲ್ಲ ಅಣ್ಣಾ, ಲ್ಯಾಪ್‌ಟಾಪ್ ಒಯ್ಯುವ ನಮ್ಮಂಥವರಿಗೆ ಹೇಳಿದ್ದು.

ಸಿದ್ದಾಪುರದ ಅಘನಾಶಿನಿ
ನಮ್ಮಂಥವರಿಗೂ ರೀಸೆಟ್ ಬೇಡ, ಕಡಿಮೆ ಒಯ್ದರೆ ಸಾಕು. ಅಮೆರಿಕದ ಗಡಿ ಇಲಾಖೆಯ ನಿಯಮದ ಪ್ರಕಾರ ಅಧಿಕಾರಿ ಫೋನಿನ ಒಳಗೆ ಇರುವುದನ್ನಷ್ಟೇ ನೋಡಬೇಕು, ಕ್ಲೌಡಿನಲ್ಲಿ ಇರುವುದನ್ನು ಎಳೆದು ತೆಗೆಯುವ ಹಾಗಿಲ್ಲ. ಅದಕ್ಕೇ ಮೊದಲು ನೆಟ್ ಬಂದ್ ಮಾಡಿಸುತ್ತಾರೆ, ಏರೋಪ್ಲೇನ್ ಮೋಡ್. ಕೈಯಲ್ಲಿ ಹಿಡಿದು ಮೇಲಿಂದ ಮೇಲೆ ನೋಡಲು ಯಾವ ಕಾರಣವೂ ಬೇಕಿಲ್ಲ. ಬೇರೆ ಮಶೀನಿಗೆ ಜೋಡಿಸಿ ಪ್ರತಿ ತೆಗೆಯಬೇಕಾದರೆ ತಕ್ಕ ಅನುಮಾನ ಅಥವಾ ದೇಶದ ಭದ್ರತೆಯ ಕಾರಣ ಇರಬೇಕು, ಮೇಲಧಿಕಾರಿಯ ಒಪ್ಪಿಗೆಯೂ ಬೇಕು. ಫೋನ್ ಇಟ್ಟುಕೊಂಡರೆ ರಸೀದಿ ಕೊಡಬೇಕು, ಕೇಳಿ ತೆಗೆದುಕೊಳ್ಳಿ.
ಸರದಿಯಲ್ಲಿ ನಿಲ್ಲುವ ಮೊದಲು ಫೋನ್ ಒಮ್ಮೆ ಪೂರ್ತಿ ಆಫ್ ಮಾಡಿ. ಆನ್ ಮಾಡಿದ ಮೇಲೆ ಮೊದಲ ಸಲ ಪಿನ್ ಹಾಕುವ ತನಕ ಮುಖ, ಬೆರಳಿನಿಂದ ತೆರೆಯುವುದಿಲ್ಲ, ಒಳಗಿನ ಮಾಹಿತಿಯೂ ಬೀಗ ಹಾಕಿದ ಸ್ಥಿತಿಯಲ್ಲೇ ಇರುತ್ತದೆ.

ದಾಂಡೇಲಿ ದೋಣಿ
ಪಿನ್ ಕೊಡುವುದಿಲ್ಲ ಅಂದರೆ?

ಸಿದ್ದಾಪುರದ ಅಘನಾಶಿನಿ
ದೇಶಕ್ಕೊಂದು ನ್ಯಾಯ. ಅಮೆರಿಕದಲ್ಲಿ ಅವರ ನಾಗರಿಕರನ್ನು ಅಷ್ಟಕ್ಕೇ ಹೊರಗೆ ನಿಲ್ಲಿಸಲು ಆಗುವುದಿಲ್ಲ, ಫೋನ್ ಇಟ್ಟುಕೊಳ್ಳಬಹುದು. ವೀಸಾದಲ್ಲಿ ಹೋದವರನ್ನು ವಾಪಸ್ ಕಳಿಸಬಹುದು. ನ್ಯೂಜಿಲೆಂಡಿನಲ್ಲಿ 2018ರ ಕಸ್ಟಮ್ಸ್ ಕಾನೂನಿನಲ್ಲಿ 5,000 ಡಾಲರ್ ತನಕ ದಂಡ, ಅವರ ಡಾಲರು. ಬ್ರಿಟನ್ನಿನ ಬಂದರು, ಏರ್‌ಪೋರ್ಟಿನಲ್ಲಿ ಪೊಲೀಸರು ಭಯೋತ್ಪಾದನೆ ತಡೆ ಕಾನೂನಿನಡಿ ಪಾಸ್‌ವರ್ಡ್ ಕೇಳಬಹುದು, ಕೊಡದಿದ್ದರೆ ಅದೇ ಅಪರಾಧ. ಹಾಗಾಗಿ "ನಾನು ಕೊಡುವುದಿಲ್ಲ" ಅಂತ ಇಲ್ಲಿ ಕೂತು ಮೀಸೆ ತಿರುವುವುದು ಸುಲಭ. ಅಲ್ಲಿ ನಿಂತಾಗ ಕೈಯಲ್ಲಿರುವುದು ಎರಡೇ ದಾರಿ. ಅದಕ್ಕೇ ತೋರಿಸಲು ತೊಂದರೆ ಆಗುವಂಥದ್ದನ್ನು ಮನೆಯಲ್ಲೇ ಬಿಟ್ಟು ಹೋಗುವುದು.

ಬೈತಖೋಲ್ ಬೋಟು
ಹಡಗಿನವರಿಗೆ ಒಂದು ಮಾತು ಸೇರಿಸುತ್ತೇನೆ. ಹಾರ್ಡ್ ಡಿಸ್ಕ್! ಹಡಗಿನಲ್ಲಿ ಸಿನಿಮಾ ಡಿಸ್ಕು ಕೈಯಿಂದ ಕೈಗೆ ದಾಟುತ್ತದೆ. ಯಾರು ಏನು ತುಂಬಿದ್ದಾರೆ ದೇವರಿಗೇ ಗೊತ್ತು. ನಿನ್ನ ಚೀಲದಲ್ಲಿ ಸಿಕ್ಕರೆ ಅದು ನಿನ್ನದೇ. ಸೈನ್ ಆಫ್ ಆಗುವಾಗ, ಅಂದರೆ ಹಡಗಿನ ಪಾಳಿ ಮುಗಿದಾಗ, ನಾನು ಡಿಸ್ಕು ಹಡಗಿನಲ್ಲೇ ಬಿಟ್ಟು ಇಳಿಯುತ್ತೇನೆ.

ಭಟ್ಕಳ ಟು ದೇರಾ
ನೀವೆಲ್ಲ ಅಮೆರಿಕ ಯುರೋಪ್ ಅನ್ನುತ್ತೀರಿ. ನಮ್ಮ ಜಿಲ್ಲೆಯಿಂದ ಜಾಸ್ತಿ ಜನ ಹೋಗುವುದು ಗಲ್ಫಿಗೆ, ಅದನ್ನೂ ಮಾತಾಡಿ.
ದುಬೈಯಲ್ಲಿ ಫೋನ್ ತೆರೆದು ನೋಡುವುದಕ್ಕಿಂತ ದೊಡ್ಡ ತಲೆನೋವು ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರು ಇದ್ದು ಸರ್‌ನೇಮ್ ಜಾಗ ಖಾಲಿ ಇದ್ದರೆ ಭೇಟಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂತ 2022ರ ನವೆಂಬರಿನಲ್ಲಿ ನಿಯಮ ಬಂತು. ಆಮೇಲೆ ಕೊನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆಗುತ್ತದೆ ಅಂತ ಸಡಿಲ ಮಾಡಿದರು. ನಮ್ಮ ಕಡೆ ಹಳಬರ ಪಾಸ್‌ಪೋರ್ಟಿನಲ್ಲಿ ಬರೀ ಫಾತಿಮಾ, ಬರೀ ನಾಗಮ್ಮ ಅಂತ ಇರುವುದು ಎಷ್ಟು ಬೇಕಾದರೂ ಇದೆ. ಟಿಕೆಟ್ ಮಾಡಿಸುವ ಮೊದಲು ಪಾಸ್‌ಪೋರ್ಟ್ ತೆರೆದು ನೋಡಿ.
ಫೋನಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ವಾಟ್ಸಾಪ್ ಗ್ರೂಪಿನಲ್ಲಿ ಬಂದ ಫೋಟೋ, ವಿಡಿಯೋ ತನ್ನಷ್ಟಕ್ಕೇ ಗ್ಯಾಲರಿಗೆ ಇಳಿಯುವುದನ್ನು ನಿಲ್ಲಿಸಿ. ಚುನಾವಣೆ ಜಗಳ, ಧರ್ಮದ ಜಗಳ, ಸುಳ್ಳು ಸುದ್ದಿ ಯಾವುದನ್ನೂ ಅಲ್ಲಿಂದ ಫಾರ್ವರ್ಡ್ ಮಾಡಬೇಡಿ. ಯುಎಇಯ 2021ರ ಸೈಬರ್ ಕಾನೂನಿನಲ್ಲಿ ವದಂತಿ ಹಬ್ಬಿಸುವುದಕ್ಕೆ ಜೈಲೂ ಇದೆ, ದಂಡವೂ ಇದೆ. ಇಲ್ಲಿಯ ಹಾಗೆ "ಬಂದಿದ್ದನ್ನು ಕಳಿಸಿದೆ" ಅಂದರೆ ನಡೆಯುವುದಿಲ್ಲ.

ಸೋಂದೆ ಮಾಣಿ
ಗೋವಾದಿಂದ ದುಬೈ ಮೇಲೆ ಹೋಗುವ ಟಿಕೆಟ್ ಅಗ್ಗ ಕಾಣುತ್ತಿದೆ. ಬರೀ ವಿಮಾನ ಬದಲಿಸುವುದಕ್ಕೂ ಇದೆಲ್ಲ ಅನ್ವಯವಾ?

ಭಟ್ಕಳ ಟು ದೇರಾ
ಏರ್‌ಪೋರ್ಟ್ ಬಿಟ್ಟು ಹೊರಗೆ ಬರದಿದ್ದರೆ ಇಮಿಗ್ರೇಶನ್ ಇಲ್ಲ ಭಾಯಿ. ಒಂದೇ ಟಿಕೆಟಿನಲ್ಲಿ ಎರಡೂ ವಿಮಾನ ಇರಲಿ, ಲಗೇಜ್ ಮ್ಯೂನಿಕ್ ತನಕ ಟ್ಯಾಗ್ ಆಗಲಿ. ಆದರೆ ಚೀಲದಲ್ಲಿ ಗಸಗಸೆ ಇಟ್ಟುಕೊಳ್ಳಬೇಡಿ. ಯುಎಇ, ಸೌದಿ ಎರಡೂ ಕಡೆ ಗಸಗಸೆ ನಿಷೇಧ. ಕೆಮ್ಮಿನ ಔಷಧದಲ್ಲಿ ಕೊಡೀನ್ ಇದ್ದರೆ ಅದೂ ಕಷ್ಟ.

ಯಾಣದ ಕಲ್ಲು
ಗಸಗಸೆ ಪಾಯಸಕ್ಕೆ ಜೈಲಾ? ಈ ಲೋಕ ಉದ್ಧಾರ ಆಗುವುದಿಲ್ಲ.

ಅಂಕೋಲಾ ಇಶಾಡು
ಮೇ ತಿಂಗಳು ಅಂದರೆ ಇಶಾಡು ಮಾವಿನ ಕಾಲ. ಒಂದು ಡಜನ್ ಒಯ್ಯಬಹುದಾ ಜರ್ಮನಿಗೆ?

ಹೊನ್ನಾವರ ಸೈಬರ್
ಆಗುವುದಿಲ್ಲ. ತಾಜಾ ಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆ, ಅನಾನಸು, ತೆಂಗಿನಕಾಯಿ, ಖರ್ಜೂರ, ಡ್ಯೂರಿಯನ್ ಐದಕ್ಕೆ ಮಾತ್ರ ಬೇಡ. ತುಪ್ಪ, ಹಾಲಿನ ಪದಾರ್ಥ ಯಾವುದೂ ಒಯ್ಯುವ ಹಾಗಿಲ್ಲ. ಮೀನು 20 ಕಿಲೋ ತನಕ ಅಡ್ಡಿಯಿಲ್ಲ.

ಬೈತಖೋಲ್ ಬೋಟು
ಕೇಳಿದಿರಾ! ಆಕಳ ತುಪ್ಪ ಬೇಡ, ಒಣಮೀನು ಸರಿ. ಯುರೋಪ್ ನಮ್ಮ ಪಾರ್ಟಿ.

ಸೋಂದೆ ಮಾಣಿ
ಆಯಿ ಬಾಣಂತಿಗೆ ಅಂತ ಎರಡು ಕಿಲೋ ತುಪ್ಪ ಕಾಯಿಸಿ ಇಟ್ಟಿದ್ದಾಳೆ. ಈ ಸುದ್ದಿ ನಾನು ಹೇಳುವುದಿಲ್ಲ, ತಂಗಿಯೇ ಹೇಳಲಿ.

ಕುಮಟಾ ನರ್ಸಕ್ಕ
ಲೀಡ್ಸ್‌ನಿಂದ ಬರೆಯುತ್ತಿದ್ದೇನೆ. ಬ್ರಿಟನ್ನಿನಲ್ಲಿ ಈಗ ಕಾರ್ಡೂ ಇಲ್ಲ, ಕಾಗದವೂ ಇಲ್ಲ. ನಮ್ಮ ಕೈಯಲ್ಲಿ ಇದ್ದ ಬಿಆರ್‌ಪಿ ಕಾರ್ಡುಗಳೆಲ್ಲ (ಇಲ್ಲಿ ವಾಸಿಸುವ ಪರವಾನಗಿ) 2024ರ ಡಿಸೆಂಬರ್ 31ಕ್ಕೆ ಮುಗಿದವು, ಎಲ್ಲ ಇ-ವೀಸಾ. ಅಂದರೆ ನಾವು ಇಲ್ಲಿ ಇರಬಹುದು ಅನ್ನುವುದಕ್ಕೆ ಸಾಕ್ಷಿ ಅವರ ಕಂಪ್ಯೂಟರಿನಲ್ಲಿ ಮಾತ್ರ.
ರಜೆಗೆ ಊರಿಗೆ ಬಂದ ಗೆಳತಿಯೊಬ್ಬಳು ಪಾಸ್‌ಪೋರ್ಟ್ ನವೀಕರಿಸಿಕೊಂಡಳು. ಹೊಸ ನಂಬರನ್ನು ಇ-ವೀಸಾ ಖಾತೆಗೆ ಜೋಡಿಸಿರಲಿಲ್ಲ. ವಾಪಸ್ ಹೊರಟಾಗ ಚೆಕ್-ಇನ್ ಕೌಂಟರಿನಲ್ಲಿ "ನಿಮಗೆ ವೀಸಾ ತೋರಿಸುತ್ತಿಲ್ಲ" ಅಂದರು. ಅವಳು ಅಲ್ಲೇ ನೆಲದ ಮೇಲೆ ಕೂತು ಖಾತೆ ತೆರೆದಳು, ಓಟಿಪಿ ಹೋಗಿದ್ದು ಲೀಡ್ಸ್‌ನಲ್ಲಿ ಬಿಟ್ಟು ಬಂದ ಸಿಮ್‌ಗೆ. ಆ ವಿಮಾನ ಹೋಯಿತು.
ಗಡಿ ಅಂದರೆ ಎಲ್ಲರೂ ಪೊಲೀಸ್, ಸಮವಸ್ತ್ರ ಅಂದುಕೊಳ್ಳುತ್ತಾರೆ. ನಿಜವಾದ ಗಡಿ ಈಗ ಚೆಕ್-ಇನ್ ಕೌಂಟರು. ಅಲ್ಲಿ ಕೂತವರ ಪರದೆಯ ಮೇಲೆ ನಮ್ಮ ಹೆಸರು, ಪಾಸ್‌ಪೋರ್ಟ್ ನಂಬರು, ವೀಸಾ ಮೂರೂ ಒಂದಕ್ಕೊಂದು ಕೂಡಬೇಕು. ಅದು ಕೂಡದಿದ್ದರೆ ಗ್ಯಾಲರಿಯಲ್ಲಿ ಏನಿದೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ, ವಿಮಾನವನ್ನೇ ಹತ್ತುವುದಿಲ್ಲ.

ಹೊನ್ನಾವರ ಸೈಬರ್
ನರ್ಸಕ್ಕ ಹೇಳಿದ್ದಕ್ಕೆ ನೂರು ಅಂಕ. ನಮ್ಮಲ್ಲಿಗೆ ಬರುವ ಕೇಸುಗಳಲ್ಲಿ ಫೋನ್ ತಪಾಸಣೆಯಿಂದ ತೊಂದರೆ ಆದದ್ದು ಒಂದೂ ಇಲ್ಲ. ಆಧಾರ್‌ನಲ್ಲಿ "ಹೆಗಡೆ"ಗೆ ಒಂದು ಸ್ಪೆಲ್ಲಿಂಗು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಟಿಕೆಟಿನಲ್ಲಿ ಮೂರನೆಯದು, ಇಂಥವು ವಾರಕ್ಕೆ ಒಂದಾದರೂ ಬರುತ್ತವೆ. ಟಿಕೆಟ್, ವೀಸಾ, ವಿಮೆ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಅಕ್ಷರ ಅಕ್ಷರ ಇರಲಿ. ವಿಮೆ 30,000 ಯೂರೋಗೆ ಕಡಿಮೆ ಇರಬಾರದು.

ಮಾವಿನಗುಂಡಿ
ಏರ್‌ಪೋರ್ಟಿನಲ್ಲಿ ಮುಖ ತೋರಿಸಿ ಒಳಗೆ ಹೋಗುವ ಆ್ಯಪ್ ಡಿಜಿಯಾತ್ರಾ ಇದ್ದರೆ ಇದೆಲ್ಲ ಸಲೀಸು ಅಲ್ವಾ? ನಾನು ಮಾಡಿಸಿಕೊಂಡಿದ್ದೇನೆ.

ಹೊನ್ನಾವರ ಸೈಬರ್
ಡಿಜಿಯಾತ್ರಾ ದೇಶದ ಒಳಗಿನ ವಿಮಾನಕ್ಕೆ. ಇಮಿಗ್ರೇಶನ್‌ಗೆ ಬೇರೆ ಇದೆ: ಫಾಸ್ಟ್ ಟ್ರ್ಯಾಕ್ ಇಮಿಗ್ರೇಶನ್, ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರು, 2025ರ ಜನವರಿಯಲ್ಲಿ ಬೆಂಗಳೂರು, ಮುಂಬೈ ಸೇರಿ ಏಳು ಏರ್‌ಪೋರ್ಟಿಗೆ ಬಂತು. ಗೃಹ ಇಲಾಖೆಯ ಜಾಲತಾಣದಲ್ಲಿ ಅರ್ಜಿ, ಒಮ್ಮೆ ಬೆರಳು, ಮುಖ ದಾಖಲು ಮಾಡಿಸಿದರೆ ಐದು ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವ ತನಕ. ಗೇಟಿನಲ್ಲಿ ತಾನೇ ದಾಟಿ ಹೋಗಬಹುದು. ವರ್ಷಕ್ಕೆ ನಾಲ್ಕು ಸಲ ಹೋಗುವವರಿಗೆ ಒಳ್ಳೆಯದು. ಒಮ್ಮೆ ಹೋಗಿ ಬರುವ ಆಯಿ, ಅಪ್ಪಯ್ಯನಿಗೆ ಕೌಂಟರೇ ಸರಿ, ಎದುರು ಮನುಷ್ಯ ಇರುತ್ತಾನೆ.

ಸದಾಶಿವಗಡ ಮೇಷ್ಟ್ರು
ಅಮೆರಿಕಕ್ಕೆ ಮಕ್ಕಳನ್ನು ಕಳಿಸುವವರು ಇದನ್ನೂ ನೋಡಿಕೊಳ್ಳಿ. ವೀಸಾ ಅರ್ಜಿಯಲ್ಲಿ ಕಳೆದ ಐದು ವರ್ಷದ ಸೋಶಿಯಲ್ ಮೀಡಿಯಾ ಖಾತೆಗಳ ಹೆಸರು ಕೇಳುತ್ತಾರೆ, 2019ರಿಂದಲೇ ಇದೆ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾದವರು ಖಾತೆಯನ್ನು ಎಲ್ಲರಿಗೂ ಕಾಣುವ ಹಾಗೆ ಇಡಬೇಕು. ಡಿಸೆಂಬರ್ 15ರಿಂದ ಕೆಲಸದ ವೀಸಾ ಎಚ್-1ಬಿ, ಅವರ ಮನೆಯವರ ವೀಸಾ ಎಚ್-4ನವರಿಗೂ ಬಂತು. ಪಕ್ಕದ ಮನೆಯ ಹುಡುಗ ಹಳೆಯ ಇನ್‌ಸ್ಟಾಗ್ರಾಂ ಖಾತೆ ಬರೆಯದೆ ಬಿಡುತ್ತೇನೆ ಅಂದ. ಬೇಡ ಅಂದೆ. ಬರೆದ ಖಾತೆಯಲ್ಲಿ ತಲೆಹರಟೆ ಇದ್ದರೆ ವಿವರಣೆ ಕೊಡಬಹುದು, ಬರೆಯದ ಖಾತೆ ಸಿಕ್ಕರೆ ಅದು ಸುಳ್ಳು ಹೇಳಿದ ಹಾಗೆ.

ದಾಂಡೇಲಿ ದೋಣಿ
ಖಾತೆ ತೆರೆದಿಡಿ ಅನ್ನುವುದೇ ತಪ್ಪಲ್ಲವಾ ಮೇಷ್ಟ್ರೇ? ಹುಡುಗಿಯರ ಫೋಟೋ ಇರುತ್ತದೆ, ಯಾವ ಪುಂಡ ಬೇಕಾದರೂ ನೋಡಬಹುದು.

ಸದಾಶಿವಗಡ ಮೇಷ್ಟ್ರು
ತಪ್ಪೇ. ಸೊಸೆಗೆ ವೀಸಾ ಬೇಕಿತ್ತು, ತೆರೆದಿಟ್ಟಳು. ಬೈದುಕೊಂಡೇ ತೆರೆದಿಟ್ಟಳು.

ಮಾವಿನಗುಂಡಿ
ನಾವು ಮನೆಮಂದಿ ಥಾಯ್ಲೆಂಡ್, ಸಿಂಗಾಪುರ ಪ್ಯಾಕೇಜ್ ಹೋಗುತ್ತಿದ್ದೇವೆ. ಅಲ್ಲಿಯ ಆನ್‌ಲೈನ್ ಕಾರ್ಡಿಗೆ ಏಜೆಂಟ್ ತಲೆಗೆ 1,500 ಕೇಳುತ್ತಿದ್ದಾನೆ. ಸರಿಯಾ?

ಹೊನ್ನಾವರ ಸೈಬರ್
ಎರಡೂ ಪುಕ್ಕಟೆ. ಥಾಯ್ಲೆಂಡಿನದು ಟಿಡಿಎಸಿ, 2025ರ ಮೇ 1ರಿಂದ ಕಡ್ಡಾಯ. ಸಿಂಗಾಪುರದ್ದು ಎಸ್‌ಜಿ ಅರೈವಲ್ ಕಾರ್ಡ್. ಮಲೇಷ್ಯಾಕ್ಕೂ ಎಂಡಿಎಸಿ ಅಂತ ಇದೆ. ಮೂರನ್ನೂ ಅಲ್ಲಿ ಮುಟ್ಟುವ ಮೊದಲಿನ ಮೂರು ದಿನದ ಒಳಗೆ ತುಂಬಬೇಕು, ತಿಂಗಳ ಮೊದಲೇ ಆಗುವುದಿಲ್ಲ. ಗೂಗಲ್‌ನಲ್ಲಿ ಮೇಲೆ ಬರುವುದೆಲ್ಲ ಸರ್ಕಾರದ ಜಾಲತಾಣ ಅಲ್ಲ, ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡು ದುಡ್ಡು ಕೀಳುವವರು ಇದ್ದಾರೆ. ಮನೆಯವರ ಕಾರ್ಡೆಲ್ಲ ತುಂಬಲು ಅರ್ಧ ಗಂಟೆ ಸಾಕು. ಆಗದಿದ್ದರೆ ನಮ್ಮಂಥ ಅಂಗಡಿಗೆ ಬನ್ನಿ, ಕೂಲಿ ಕೊಡಿ. 1,500 ಮಾತ್ರ ಕೊಡಬೇಡಿ.

ಕುಮಟಾ ನರ್ಸಕ್ಕ
ಸೋಂದೆ ಮಾಣಿ, ಮುಖ್ಯದ್ದು ಕೇಳಿ. ಬಾಣಂತನ ಅಂದರೆ ಮೂರು ತಿಂಗಳು ತುಂಬಿಸಿಯೇ ಬರುವ ಆಸೆ ಇರುತ್ತದೆ. ಷೆಂಗೆನ್ ನಿಯಮ 180 ದಿನದಲ್ಲಿ 90 ದಿನ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ವೀಸಾದ ಮೇಲೆ ಅದಕ್ಕಿಂತ ಕಡಿಮೆ ದಿನ ಬರೆದಿದ್ದರೆ ಅದೇ ಅಂತಿಮ. ಮೊದಲು ಸೀಲು ಮಾಸಿದ್ದರೆ ಅಧಿಕಾರಿ ಲೆಕ್ಕ ಹಾಕುವಷ್ಟರಲ್ಲಿ ಬಿಟ್ಟುಬಿಡುತ್ತಿದ್ದರು. ಇಇಎಸ್ ಬಂದ ಮೇಲೆ ಕಂಪ್ಯೂಟರೇ ದಿನ ಎಣಿಸುತ್ತದೆ. ದಾಖಲೆ ಮೂರು ವರ್ಷ ಇರುತ್ತದೆ, ಹೊರಗೆ ಹೋದ ದಾಖಲೆ ಇಲ್ಲದಿದ್ದರೆ ಐದು ವರ್ಷ. ವಾಪಸ್ ಟಿಕೆಟ್ 85ನೆಯ ದಿನಕ್ಕೆ ಮಾಡಿ. ವಿಮಾನ ರದ್ದಾದರೂ ಕೈಯಲ್ಲಿ ಐದು ದಿನ ಇರಲಿ.

ಸೋಂದೆ ಮಾಣಿ
ಇದು ನಮ್ಮ ತಲೆಗೇ ಹೊಳೆದಿರಲಿಲ್ಲ ಅಕ್ಕಾ. ತಂಗಿ "ಮೂರು ತಿಂಗಳು ಅಂದರೆ ಮೂರು ತಿಂಗಳು" ಅಂತ ಆಗಸ್ಟಿನ ದಿನಾಂಕ ನೋಡುತ್ತಿದ್ದಳು. ಮೇ, ಜುಲೈ ಎರಡರಲ್ಲೂ 31 ದಿನ, 90 ದಾಟಿಹೋಗುತ್ತಿತ್ತು.
ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಪ್ರಶ್ನೆ ಕೇಳಿದರೆ?

ಕುಮಟಾ ನರ್ಸಕ್ಕ
ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಎಲ್ಲ ಪ್ರಿಂಟ್ ಹಾಕಿ. ಮೇಲಿನ ಹಾಳೆಯಲ್ಲಿ ಜರ್ಮನ್ ಭಾಷೆಯಲ್ಲಿ ತಂಗಿಯೇ ನಾಲ್ಕು ಸಾಲು ಬರೆಯಲಿ: ಇವರು ನನ್ನ ತಂದೆತಾಯಿ, ಹೆರಿಗೆಗೆ ಸಹಾಯಕ್ಕೆ ಬರುತ್ತಿದ್ದಾರೆ, ಈ ವಿಳಾಸದಲ್ಲಿ ಇರುತ್ತಾರೆ, ಈ ದಿನ ವಾಪಸ್, ನನ್ನ ಫೋನ್ ನಂಬರ್. ಕೆಳಗೆ ಆಮಂತ್ರಣ ಪತ್ರ, ವಿಮೆ, ವಾಪಸ್ ಟಿಕೆಟ್. ಬಿಪಿ, ಶುಗರ್ ಮಾತ್ರೆ ಇದ್ದರೆ ವೈದ್ಯರ ಚೀಟಿ. ಫೋನ್ ಬ್ಯಾಟರಿ ಸತ್ತರೂ ಕಾಗದ ಸಾಯುವುದಿಲ್ಲ.
ಒಂದೇ ಮಾತು ಕಲಿಸಿ ಕಳಿಸಿ. "ಕೆಲಸಕ್ಕೆ ಬಂದಿದ್ದೇವೆ" ಅನ್ನಬಾರದು. ನಮ್ಮವರು ಬಾಣಂತನದ ಕೆಲಸ ಅನ್ನುವ ಅರ್ಥದಲ್ಲಿ "ವರ್ಕ್" ಅಂದುಬಿಡುತ್ತಾರೆ. ಮಗಳ ಮನೆಗೆ, ಮೊಮ್ಮಗುವನ್ನು ನೋಡಲು. ಅಷ್ಟೆ.

ಬೈತಖೋಲ್ ಬೋಟು
ಮಶೀನಿನ ಮುಂದೆ ಕನ್ನಡಕ, ಟೊಪ್ಪಿ ತೆಗೆಯಬೇಕು. ಇಬ್ಬರೂ ಒಟ್ಟಿಗೆ ನಿಲ್ಲಬಾರದು, ಒಬ್ಬೊಬ್ಬರೇ. ಹಿಂದೆ ಸರದಿಯವರು ಗೊಣಗಿದರೆ ಗೊಣಗಲಿ.

ಸಿದ್ದಾಪುರದ ಅಘನಾಶಿನಿ
ಅಪ್ಪಯ್ಯನ ಫೋನಿಗೆ ನಾನು ಮಾಡುವುದಾದರೆ: ಹೊರಡುವ ಮೊದಲು ಬ್ಯಾಕಪ್. ವಾಟ್ಸಾಪಿನಲ್ಲಿ ಮೀಡಿಯಾ ವಿಸಿಬಿಲಿಟಿ ಬಂದ್, ಫೋಟೋ ಗ್ಯಾಲರಿಯಲ್ಲಿ ಕಾಣದ ಹಾಗೆ. ಬ್ಯಾಂಕ್ ಓಟಿಪಿಗೆ ಊರಿನ ಸಿಮ್‌ಗೆ ರೋಮಿಂಗ್, ನೆಟ್‌ಗೆ ಅಲ್ಲಿಯ ಸಿಮ್. ಪಿನ್ ಅನ್ನು ಫೋನಿನ ಕವರಿನ ಹಿಂದೆ ಚೀಟಿ ಬರೆದು ಅಂಟಿಸಿದ್ದರೆ ಕಿತ್ತು ಹಾಕಿ, ನಮ್ಮ ಮಾವ ಹಾಗೇ ಅಂಟಿಸಿದ್ದರು. ತಾಳಮದ್ದಳೆ ಇರಲಿ.

ಯಾಣದ ಕಲ್ಲು
ಕೊನೆಗೂ ಒಂದು ತೀರ್ಪು ಬಂತು. ಅಳಿಸಿದ್ದನ್ನು ವಾಪಸ್ ತರಲು ಆಗುತ್ತದಾ?

ಸಿದ್ದಾಪುರದ ಅಘನಾಶಿನಿ
ಫೈಲ್ ಆ್ಯಪಿನ ಕಸದಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿನ ಇರುತ್ತದೆ. ಬೇಗ ನೋಡಿ.

ಗೋಕರ್ಣ ಟ್ಯಾಕ್ಸಿ
ನಾನು ಏರ್‌ಪೋರ್ಟ್ ಬಾಡಿಗೆ ಹೋಗುವವನು. ನಿಮ್ಮ ಮುಖ, ಬೆರಳು ಎಲ್ಲ ಸರಿ ಇರಲಿ, ಮೊದಲು ಟಿಕೆಟ್ ನೋಡಿ ಸಾರ್. ಗೋವಾದಲ್ಲಿ ಈಗ ಎರಡು ಏರ್‌ಪೋರ್ಟ್. ಜಿಓಐ ಅಂದರೆ ದಾಬೋಲಿಂ, ಜಿಓಎಕ್ಸ್ ಅಂದರೆ ಮೋಪಾ. ದಾಬೋಲಿಂ ಕಾರವಾರಕ್ಕೆ ಹತ್ತಿರ. ಮೋಪಾ ಗೋವಾದ ಆ ತುದಿ, ಮಹಾರಾಷ್ಟ್ರದ ಗಡಿಗೆ ತಾಗಿ. "ಗೋವಾ ಏರ್‌ಪೋರ್ಟ್ ಬಿಡಿ" ಅಂತ ಹತ್ತಿ ಕೂತು, ದಾಬೋಲಿಂ ಗೇಟಿನಲ್ಲಿ ಟಿಕೆಟ್ ತೋರಿಸಿ, ಅಲ್ಲಿಂದ ಮೋಪಾಕ್ಕೆ ಓಡಿಸಿದ ಗಿರಾಕಿಗಳು ಇದ್ದಾರೆ.

ಸೋಂದೆ ಮಾಣಿ
ಅಗ್ಗ ಕಂಡ ಆ ಟಿಕೆಟಿನಲ್ಲಿ ಜಿಓಎಕ್ಸ್ ಇದೆ. ಹಾಗಾದರೆ ಬೆಂಗಳೂರೇ ವಾಸಿ ಕಾಣುತ್ತದೆ. ಶಿರಸಿಯಿಂದ ರಾತ್ರಿ ಬಸ್ಸು, ಅಲ್ಲಿಂದ ಮ್ಯೂನಿಕ್‌ಗೆ ನೇರ ವಿಮಾನ. ನಡುವೆ ಇಳಿದು ಹತ್ತುವ ರಗಳೆ ಇಲ್ಲ.

ಗೋಕರ್ಣ ಟ್ಯಾಕ್ಸಿ
ನನ್ನ ಬಾಡಿಗೆ ಹೋಯಿತು. ಆದರೂ ಸರಿಯಾದ ತೀರ್ಮಾನ ಸಾರ್. ಮಳೆ ಬೇಗ ಹಿಡಿದರೆ ಘಟ್ಟದ ರಸ್ತೆ ನೋಡಿಕೊಳ್ಳಿ, ಒಂದು ದಿನ ಮೊದಲೇ ಹೊರಡಿ.

ಮಾವಿನಗುಂಡಿ
ಈ ಎಳೆಯಲ್ಲೇ ಕೇಳುತ್ತೇನೆ. ನಮ್ಮ ತೋಟದ ಕೆಲಸದ ಹುಡುಗ ಕುವೈತ್‌ಗೆ ಡ್ರೈವರ್ ಕೆಲಸಕ್ಕೆ ಹೋಗುತ್ತಾನಂತೆ. ಎಂಟನೆಯ ಕ್ಲಾಸ್ ಓದಿದ್ದಾನೆ. ಅವನಿಗೂ ಇದೇ ತಯಾರಿಯಾ?

ಭಟ್ಕಳ ಟು ದೇರಾ
ಅವನದು ಬೇರೆ. ಹತ್ತನೆಯದು ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆಗೆ ಸರ್ಕಾರದ ಅನುಮತಿ ಬೇಕಾದ್ದು, ಇರುತ್ತದೆ. ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅನುಮತಿ ಆಗಿರಬೇಕು, ಇಲ್ಲದಿದ್ದರೆ ನಮ್ಮ ಇಮಿಗ್ರೇಶನ್‌ನಲ್ಲೇ ನಿಲ್ಲಿಸುತ್ತಾರೆ. "ಭೇಟಿ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿ ಕೊಡುತ್ತೇವೆ" ಅಂತ ಏಜೆಂಟ್ ಹೇಳಿದ್ದರೆ ಒಪ್ಪಬೇಡಿ. ಏಜೆಂಟನ ನೋಂದಣಿ ನಂಬರನ್ನು ಇ-ಮೈಗ್ರೇಟ್ ಜಾಲತಾಣದಲ್ಲೇ ನೋಡಬಹುದು. ನಂಬರ್ ಕೇಳಿ ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ.